ಗಂಟು ಬಿಚ್ಚುವ ಮುನ್ನ ಒಂದು ಗಳಿಗೆ

ಮಾನವನ ಬದುಕೆಂಬುದು ಸಣ್ಣ ದೊಡ್ಡ ನಿರ್ಧಾರಗಳ ಸರಮಾಲೆ. ವಿಜಯನಗರದ ಮಾರುಕಟ್ಟೆಗೆ ಹೋದ ಗೃಹಸ್ಥನು ಒಂದು ಕಟ್ಟು ಸೊಪ್ಪಿಗೆ ನಾಲ್ಕು ಕಡೆ ವಿಚಾರಿಸುತ್ತಾನೆ. ಬದನೆಕಾಯಿಯನ್ನು ತಿರುಗಿಸಿ ನೋಡುತ್ತಾನೆ, ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುತ್ತಾನೆ, ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಾನೆ. ಅದೇ ಗೃಹಸ್ಥನು ಮೂವತ್ತು ವರ್ಷದ ದುಡಿಮೆಯ ಗಂಟನ್ನು ಪರಿಚಿತರ ಒಂದು ಮಾತಿನ ಮೇಲೆ, ಒಂದೇ ಸಂಜೆಯಲ್ಲಿ, ಇನ್ನೊಬ್ಬರ ಕೈಗೆ ಹಾಕಿ ಬರುತ್ತಾನೆ. ಇದೆಂತಹ ವಿಪರ್ಯಾಸ! ಸಣ್ಣದರಲ್ಲಿ ಎಚ್ಚರ, ದೊಡ್ಡದರಲ್ಲಿ ಮೈಮರೆವು. ನಮ್ಮಲ್ಲಿ ಬಹಳ ಮನೆಗಳ ಕಥೆ ಇದೇ ಆಗಿದೆ.

ಬೆಂಗಳೂರಿನ ಪಶ್ಚಿಮ ಭಾಗ ದುಡಿಯುವವರ ನೆಲೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಮಾಗಡಿ ರಸ್ತೆಯ ಸುತ್ತಲಿನ ಗಿರಣಿ ಕಾರ್ಖಾನೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಬೆವರು ಸುರಿಸಿದವರು ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಂಡು ತಲೆಯ ಮೇಲೊಂದು ಸೂರು ಮಾಡಿಕೊಂಡರು. ಇಂಥವರಿಗೆ ನಿವೃತ್ತಿಯ ದಿನ ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲವೂ ಒಟ್ಟಿಗೆ ಕೈಸೇರುತ್ತದೆ. ಜೀವಮಾನದಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅವರು ಕಂಡಿರುವುದಿಲ್ಲ. ಕಳೆದುಕೊಂಡರೆ ಮತ್ತೆ ಗಳಿಸುವ ವಯಸ್ಸೂ ಇರುವುದಿಲ್ಲ. ನಿಜವಾದ ಪರೀಕ್ಷೆ ಆರಂಭವಾಗುವುದು ಆ ದಿನದಿಂದಲೇ.

ದೂರದ ದೃಷ್ಟಾಂತ ಬೇಡ, ನಮ್ಮ ಊರಿನದ್ದೇ ನೋಡೋಣ. 2019ರ ಜೂನ್ ತಿಂಗಳಲ್ಲಿ ಶಿವಾಜಿನಗರದ ಐಎಂಎ ಸಂಸ್ಥೆ ಕುಸಿದು ಬಿದ್ದಿತು. ಅದರ ಮುಖ್ಯಸ್ಥನು ವಿದೇಶಕ್ಕೆ ಪರಾರಿಯಾದನು. ಮರುತಿಂಗಳು ದೆಹಲಿಯಲ್ಲಿ ಸೆರೆಯಾದನು. ಇದು ಬಡ್ಡಿಯಲ್ಲ, ಧರ್ಮಸಮ್ಮತವಾದ ಲಾಭ ಎಂಬ ಮಾತನ್ನು ನಂಬಿ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ದೂರು ಕೊಡಲು ಬೀದಿಯಲ್ಲಿ ಸಾಲುಗಟ್ಟಿದವು. ಮಗಳ ಮದುವೆಗೆಂದು ಕೂಡಿಟ್ಟ ಹಣ, ಒಡವೆ ಮಾರಿದ ಹಣ, ಎಲ್ಲವೂ ಅಲ್ಲಿತ್ತು. ಮುಂದಿನ ವರ್ಷ, 2020ರ ಜನವರಿ 10ರಂದು, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಎಷ್ಟೇ ಲಕ್ಷದ ಠೇವಣಿ ಇದ್ದರೂ ಆಗ ತೆಗೆಯಲು ಅವಕಾಶವಿದ್ದುದು 35,000 ರೂಪಾಯಿ ಮಾತ್ರ. ಠೇವಣಿದಾರರಲ್ಲಿ ಬಹಳ ಮಂದಿ ವಯೋವೃದ್ಧರು. ಔಷಧಿ, ದಿನಸಿ, ಮನೆ ಖರ್ಚಿಗೆ ತಿಂಗಳ ಬಡ್ಡಿಯನ್ನೇ ನೆಚ್ಚಿದವರು.

ಈ ಎರಡು ಪ್ರಸಂಗಗಳು ಒಂದೇ ಬಗೆಯವಲ್ಲ. ಒಂದು ಪರವಾನಗಿಯಿಲ್ಲದ ಠೇವಣಿ, ಇನ್ನೊಂದು ಪರವಾನಗಿಯುಳ್ಳ ಬ್ಯಾಂಕು. ಆದರೆ ಎರಡರಲ್ಲಿಯೂ ನಾವು ಕಲಿಯಬೇಕಾದ ಪಾಠ ಒಂದೇ: ನಂಬಿಕೆ ಬೇರೆ, ಲೆಕ್ಕ ಬೇರೆ. ನಮ್ಮ ಜಾತಿಯವರು, ನಮ್ಮ ಊರಿನವರು, ನಮ್ಮ ಗುರುಪರಂಪರೆಯವರು ಎಂಬ ಮಾತು ಮನಸ್ಸಿಗೆ ಹಿತವಾದೀತು. ಗೋಡೆಯ ಮೇಲೆ ಗುರುಗಳ ಭಾವಚಿತ್ರ ತೂಗಿದ ಮಾತ್ರಕ್ಕೆ ಒಳಗಿನ ಲೆಕ್ಕಪುಸ್ತಕ ಶುದ್ಧವಾಗುವುದಿಲ್ಲ. ದೇವರನ್ನು ನಂಬುವುದು ಭಕ್ತಿ; ಹಣ ಪಡೆಯುವವನನ್ನು ವಿಚಾರಿಸುವುದು ವಿವೇಕ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂಡಿಸಬಾರದು.

"ಎರಡು ವರ್ಷದಿಂದ ತಿಂಗಳು ತಿಂಗಳು ತಪ್ಪದೆ ಕೊಡುತ್ತಿದ್ದಾರೆ, ಮೋಸವಾಗಿದ್ದರೆ ಕೊಡುತ್ತಿದ್ದರೇ?" ಎಂದು ಕೇಳುವವರಿದ್ದಾರೆ. ಇವರಿಗಾಗಿ ಒಂದು ಸರಳ ಲೆಕ್ಕ ಮಾಡೋಣ. ನೂರು ಜನ ತಲಾ 1 ಲಕ್ಷ ಕೊಟ್ಟರೆ 1 ಕೋಟಿ ರೂಪಾಯಿ. ನೂರಕ್ಕೆ ಮೂರರಂತೆ ಪ್ರತಿ ತಿಂಗಳು ಹಂಚಬೇಕಾದುದು 3 ಲಕ್ಷ. ಯಾವ ವ್ಯಾಪಾರವನ್ನೂ ಮಾಡದೆ, ಒಂದು ಕಾಸನ್ನೂ ಸಂಪಾದಿಸದೆ, ನಮ್ಮ ಹಣವನ್ನೇ ನಮಗೆ ಹಂಚುತ್ತಾ ಹೋದರೂ ಆ ಗಂಟು 33 ತಿಂಗಳು ಬರುತ್ತದೆ. ನಡುವೆ ಹೊಸಬರು ಸೇರಿದರೆ ಇನ್ನೂ ಹೆಚ್ಚು ಕಾಲ ಬರುತ್ತದೆ. ಆದ್ದರಿಂದ ಎರಡು ವರ್ಷ ಸರಿಯಾಗಿ ಹಣ ಬಂದಿತೆಂಬುದು ಯಾವುದಕ್ಕೂ ಸಾಕ್ಷಿಯಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪಾಂಜಿ ಎಂಬಾತ 45 ದಿನಕ್ಕೆ ನೂರಕ್ಕೆ ಐವತ್ತು ಲಾಭವೆಂದು ಜನರನ್ನು ಸೆಳೆದದ್ದು ಇದೇ ಉಪಾಯದಿಂದ. ಇಂದಿಗೂ ಈ ಮೋಸಕ್ಕೆ ಅವನದೇ ಹೆಸರು. ನೂರು ವರ್ಷ ಕಳೆದರೂ ಉಪಾಯ ಬದಲಾಗಿಲ್ಲ, ಏಕೆಂದರೆ ಆಸೆ ಬದಲಾಗಿಲ್ಲ. ಅತಿ ಆಸೆ ಗತಿ ಕೇಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಗೃಹಸ್ಥನು ಏನು ವಿಚಾರಿಸಬೇಕು? ಹಣ ಪಡೆಯುವವರಿಗೆ ಯಾರ ಪರವಾನಗಿ ಇದೆ ಎಂಬುದು ಮೊದಲ ಪ್ರಶ್ನೆ. ಅನಧಿಕೃತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರಲ್ಲಿಯೇ ಬಂದಿದೆ. ಬ್ಯಾಂಕ್ ಮುಳುಗಿದರೆ ನಮಗೆ ಸಿಗುವುದೆಷ್ಟು ಎಂಬುದು ಎರಡನೆಯ ಪ್ರಶ್ನೆ. ಠೇವಣಿ ವಿಮೆಯ ಮಿತಿಯನ್ನು 2020ರ ಫೆಬ್ರುವರಿ 4ರಿಂದ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಇದು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ವಿಜಯನಗರ ಶಾಖೆಯಲ್ಲಿ ಅರ್ಧ, ರಾಜಾಜಿನಗರ ಶಾಖೆಯಲ್ಲಿ ಅರ್ಧ ಇಟ್ಟರೆ ಪ್ರಯೋಜನವಿಲ್ಲ. ಶಾಖೆಗಳೆಲ್ಲ ಸೇರಿ ಒಂದೇ ಲೆಕ್ಕ. 8 ಲಕ್ಷ ಇರುವವರು ಬೇರೆ ಬೇರೆ ಎರಡು ಬ್ಯಾಂಕುಗಳಲ್ಲಿ ನಾಲ್ಕು ನಾಲ್ಕು ಲಕ್ಷ ಇಟ್ಟರೆ ಪೂರ್ತಿ ಹಣ ವಿಮೆಯ ನೆರಳಿನಲ್ಲಿರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಬಡಾವಣೆಗಳಲ್ಲಿ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬೀದಿಗೊಂದರಂತೆ ಇವೆ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಅನೇಕ. ಬಡವರಿಗೆ ಹೊತ್ತಿಗೆ ಸಾಲ ಕೊಟ್ಟು ಕಾಪಾಡಿದವೂ ಇವೆ. ಆದರೆ ಪತ್ತಿನ ಸಂಘ ಬೇರೆ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕು ಬೇರೆ. ಠೇವಣಿ ವಿಮೆ ಇರುವುದು ಬ್ಯಾಂಕಿಗೆ, ಪತ್ತಿನ ಸಂಘಕ್ಕಿಲ್ಲ. ಸದಸ್ಯರಾದವರು ವಾರ್ಷಿಕ ಸರ್ವಸದಸ್ಯರ ಸಭೆಗೆ ಹೋಗಬೇಕು. ಉಪಾಹಾರ ಮುಗಿಸಿ ಎದ್ದು ಬರದೆ, ಕೊಟ್ಟ ಸಾಲದಲ್ಲಿ ವಸೂಲಾಗದೆ ನಿಂತಿರುವುದೆಷ್ಟು ಎಂದು ಎದ್ದು ನಿಂತು ಕೇಳಬೇಕು. ಹಾಗೆ ಕೇಳುವ ಸದಸ್ಯನೇ ಸಂಘದ ನಿಜವಾದ ಹಿತೈಷಿ.

ಇಡುವ ಹಣದಂತೆ ತರುವ ಸಾಲವೂ ಎಚ್ಚರ ಬೇಡುತ್ತದೆ. ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದಾಗ ಮೂರು ಎಂಬ ಅಂಕಿ ಕಿವಿಗೆ ಹಗುರವಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ ಮೂವತ್ತಾರು. 1 ಲಕ್ಷ ಸಾಲಕ್ಕೆ ವರ್ಷಕ್ಕೆ 36,000. ಮೂರು ವರ್ಷ ತುಂಬುವುದರೊಳಗೆ ಅಸಲಿನಷ್ಟು ಬಡ್ಡಿ ಕಟ್ಟಿಯಾಗಿರುತ್ತದೆ, ಅಸಲು ಮಾತ್ರ ಇದ್ದಲ್ಲಿಯೇ ನಿಂತಿರುತ್ತದೆ. ಚೀಟಿಯ ವಿಷಯವೂ ಹೀಗೆಯೇ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗೆ ಒಂದು ಕಟ್ಟುಪಾಡಿದೆ. ಸರ್ಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಕೂಡ ಚೀಟಿ ನಡೆಸುತ್ತದೆ. ಮನೆಯ ಜಗಲಿಯಲ್ಲಿ ನೋಟುಪುಸ್ತಕದ ಹಾಳೆಯ ಮೇಲೆ ನಡೆಯುವ ಚೀಟಿಗೆ ನಡೆಸುವವರ ಮಾತೊಂದೇ ಆಧಾರ.

ಈಗಿನ ಕಾಲದಲ್ಲಿ ಕಳ್ಳನು ಬಾಗಿಲು ಮುರಿದು ಬರಬೇಕಾಗಿಲ್ಲ. ಮೊಬೈಲಿನಲ್ಲಿ ಪೊಲೀಸ್ ವೇಷ ತೊಟ್ಟು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಹೆದರಿಸುತ್ತಾನೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಇಂಥ ಮೋಸ ನಡೆದಾಗ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆಸೆ ತೋರಿಸುವವನಾಗಲಿ ಹೆದರಿಸುವವನಾಗಲಿ ಹೇಳುವ ಮಾತು ಒಂದೇ: ಈಗಲೇ ಮಾಡಿ, ಯಾರಿಗೂ ಹೇಳಬೇಡಿ. ಈ ಎರಡು ಮಾತು ಕಿವಿಗೆ ಬಿದ್ದ ಕ್ಷಣವೇ ಕೈ ಹಿಂದೆ ಬರಬೇಕು. ಒಳ್ಳೆಯ ಕೆಲಸವು ನಾಳೆ ಬೆಳಗಿನವರೆಗೆ ಕಾಯುತ್ತದೆ, ಮನೆಯವರ ಪ್ರಶ್ನೆಗೂ ಉತ್ತರ ಕೊಡುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರೆಂಬುದು ಎಲ್ಲರೂ ಬಲ್ಲ ಕಥೆ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟೇಕೆ ತಂದಿರಿ ಎಂದು ಪ್ರಶ್ನಿಸಿದರು, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಮಾಡಿದರು. ನಾವು ಇದನ್ನು ನಿರಾಶೆಯ ಕಥೆಯೆಂದಷ್ಟೇ ಕೇಳಿ ಬಿಡುತ್ತೇವೆ. ಆದರೆ ಇದು ವಿಚಾರಣೆಯ ಕಥೆಯೂ ಹೌದು. ಮನೆಗೆ ಬಂದ ಹೆಚ್ಚುವರಿ ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳುವವರೊಬ್ಬರು ಆ ಮನೆಯಲ್ಲಿದ್ದರು. ಆ ಮಾತಿಗೆ ಪತಿ ಕಿವಿಗೊಟ್ಟರು. ನಮ್ಮ ಮನೆಗಳಲ್ಲಿ ಸಾಸಿವೆ ಡಬ್ಬಿಯಲ್ಲಿ ಕಾಸು ಕೂಡಿಡುವ ತಾಯಂದಿರಿಗೆ ಲಕ್ಷಾಂತರ ರೂಪಾಯಿ ಎಲ್ಲಿಟ್ಟಿದೆ ಎಂಬುದೇ ತಿಳಿದಿರುವುದಿಲ್ಲ. ಯಜಮಾನರು ಕಣ್ಮುಚ್ಚಿದ ಮೇಲೆ ಕಾಗದಪತ್ರ ಹುಡುಕುತ್ತಾ ಬ್ಯಾಂಕಿನ ಮೆಟ್ಟಿಲು ಹತ್ತಿಳಿಯುವ ಆ ತಾಯಂದಿರ ಸಂಕಟ ಯಾರಿಗೂ ಬೇಡ.

ಹಣದ ವಿಷಯದಲ್ಲಿ ನಿಲ್ಲಲು ಕಲಿತ ಮನಸ್ಸು ಬಾಳಿನ ಬೇರೆ ವಿಷಯದಲ್ಲಿಯೂ ನಿಲ್ಲುತ್ತದೆ. ನೆರೆಮನೆಯವರ ಛತ್ರಕ್ಕಿಂತ ದೊಡ್ಡ ಛತ್ರ ಹಿಡಿಯಬೇಕೆಂಬ ಹಟಕ್ಕೆ ಮದುವೆ ಒಂದು ದಿನದಲ್ಲಿ ಮುಗಿಯುತ್ತದೆ, ಸಾಲ ಹತ್ತು ವರ್ಷ ಉಳಿಯುತ್ತದೆ. ಮಗುವಿನ ಒಲವು ಕೇಳದೆ ಸಾಲ ಮಾಡಿ ಸೇರಿಸಿದ ಕೋರ್ಸು ಹಣವನ್ನೂ ಮಗುವಿನ ಉತ್ಸಾಹವನ್ನೂ ತಿನ್ನುತ್ತದೆ. ಇದು ನಮಗೆ ಬೇಕೇ, ಅಥವಾ ನಾಲ್ಕು ಜನ ನೋಡಲೆಂದು ಬೇಕೇ? ಈ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟುಕೊಂಡರೆ ಅರ್ಧ ಸಾಲ ಹುಟ್ಟುವುದೇ ಇಲ್ಲ.

ಆದ್ದರಿಂದ ಒಂದು ಸಣ್ಣ ಕೆಲಸ ಮಾಡೋಣ. ಇಂದು ರಾತ್ರಿ ಊಟವಾದ ಮೇಲೆ ಪಾಸ್‌ಬುಕ್ಕು, ಠೇವಣಿ ರಸೀದಿ, ವಿಮೆಯ ಕಾಗದ, ಸಾಲದ ಪತ್ರ ಎಲ್ಲವನ್ನೂ ಹೊರಗೆ ತೆಗೆದು ಮನೆಯವರೆಲ್ಲ ಒಟ್ಟಿಗೆ ಕೂರೋಣ. ಎಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕೊಡಬೇಕು, ನಾಮನಿರ್ದೇಶನ ಯಾರ ಹೆಸರಿಗಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಓದಿ ಹೇಳಿ, ಎಲ್ಲರಿಗೂ ತಿಳಿದ ಜಾಗದಲ್ಲಿ ಇಡೋಣ. ಬೆವರು ಸುರಿಸಿ ಗಳಿಸಿದ್ದನ್ನು ಅರಿವಿನಿಂದ ಕಾಪಾಡಿಕೊಳ್ಳುವುದೂ ಕಾಯಕದ ಒಂದು ಭಾಗವೇ.