ಬಂಡೆ ಬೆವತ ದಿನ

ಬೆಂಗಳೂರಿನಿಂದ ಮೈಸೂರಿನತ್ತ ಸಾಗುವ ರೈಲು ಬಿಡದಿಯನ್ನು ದಾಟಿದೊಡನೆ, ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು ಕಿಟಕಿಯ ಕಡೆಗೆ ತಿರುಗಿ ಕುಳಿತುಕೊಳ್ಳುವುದು ನನಗೆ ಬಹುಕಾಲದಿಂದ ಬಂದಿರುವ ಅಭ್ಯಾಸ. ಹಿಪ್ಪುನೇರಳೆಯ ತೋಟಗಳೂ ತೆಂಗಿನ ಸಾಲುಗಳೂ ಒಂದರ ಹಿಂದೊಂದಾಗಿ ಸರಿಯುತ್ತಿರುವಾಗ, ಅವುಗಳ ನಡುವಿನಿಂದ ಯಾವ ಪೀಠಿಕೆಯೂ ಇಲ್ಲದೆ ಹೆಬ್ಬಂಡೆಗಳು ಎದ್ದು ನಿಲ್ಲುತ್ತವೆ. ಮಲೆನಾಡಿನ ಗಿರಿಗಳಿಗಿರುವ ಹಸುರಿನ ಹೊದಿಕೆಯಾಗಲಿ ಮಂಜಿನ ಮುಸುಕಾಗಲಿ ಇವುಗಳಿಗಿಲ್ಲ. ಬಿಸಿಲಿಗೂ ಮಳೆಗೂ ಮೈಯೊಡ್ಡಿ, ಮರೆಮಾಚುವುದಕ್ಕೆ ತಮ್ಮಲ್ಲಿ ಏನೂ ಇಲ್ಲವೆಂಬಂತೆ ನಿಂತಿರುವ ಈ ಬೆಟ್ಟಗಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಅದರದೇ ಆದ ಮುಖವನ್ನು ಕೊಟ್ಟಿವೆ.

ಈ ಶಿಲೆಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಟಿಪ್ಪುವಿನ ಪತನಾನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ನೆನಪಿಗೆ ರಾಮನಗರವನ್ನು ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು; ಊರು ಆ ಹೆಸರನ್ನು ಕಳಚಿಕೊಂಡರೂ ಕಲ್ಲು ಉಳಿಸಿಕೊಂಡಿದೆ. ಕನ್ನಡ ನಾಡಿನ ಉತ್ತರದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರು ಹಬ್ಬಿರುವ ಈ ಶಿಲಾಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಕಲ್ಲು, ಮೇಲಿನ ಭಾರ ಸವೆದುಹೋದಂತೆಲ್ಲ ಬಿಗುವು ಸಡಿಲಿ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚಿಕೊಳ್ಳುತ್ತದೆ. ನಮ್ಮ ಬೆಟ್ಟಗಳು ಗುಮ್ಮಟದಂತೆ ನುಣುಪಾಗಿ ಬಾಗಿರುವುದು ಇದರಿಂದಲೇ. ಚಾರಣಿಗನಿಗೆ ಇದರ ಅರ್ಥ ಬಹು ಸರಳವಾದದ್ದು: ಬಹುಪಾಲು ಎಡೆಯಲ್ಲಿ ಕೈಗೆ ಹಿಡಿತವಿಲ್ಲ. ಹಿಡಿಯಲು ಬೇರಿಲ್ಲ, ಕೊಂಬೆಯಿಲ್ಲ, ಬಿರುಕೂ ಇಲ್ಲ. ಕಾಲು ಮಾತ್ರವಿದೆ.

ಪರ್ವತಾರೋಹಣದಿಂದ ಮನುಷ್ಯನ ಶೀಲ ರೂಪುಗೊಳ್ಳುವುದೆಂಬ ಮಾತನ್ನು ನಾವು ಹಲವರ ಬಾಯಲ್ಲಿ ಕೇಳುತ್ತೇವೆ. ಧೈರ್ಯ, ಸ್ಥೈರ್ಯ, ಸಹನೆ ಎಂದು ಗುಣಗಳ ಪಟ್ಟಿಯನ್ನೂ ಓದುತ್ತೇವೆ. ಆ ಗುಣಗಳು ಬೆಟ್ಟದ ಗಾಳಿಯಲ್ಲಿ ತೇಲುತ್ತಿದ್ದು, ಹತ್ತಿದವನ ಎದೆಯೊಳಕ್ಕೆ ತಾವಾಗಿಯೇ ಇಳಿದುಬಿಡುತ್ತವೆಂದು ನಾನು ನಂಬಲಾರೆ. ಅವು ಬರುವುದಾದರೆ ಅಂಗಾಲಿನ ಮೂಲಕ ಬರುತ್ತವೆ ಎಂಬುದೇ ನನ್ನ ಅನುಭವ.

ಮಾಗಡಿ ತಾಲ್ಲೂಕಿನ ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ್ದು. ಏಷ್ಯಾ ಖಂಡದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಖ್ಯಾತವಾದದ್ದು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳ ಈ ಗಿರಿಯ ಬುಡದಲ್ಲಿ ವೀರಭದ್ರನೂ ನರಸಿಂಹನೂ ನೆಲೆಸಿದ್ದಾರೆ. ನೆತ್ತಿಯ ಮಂಟಪದಲ್ಲಿ ನಂದಿ ಕುಳಿತಿದ್ದಾನೆ. ಹಲವು ವರ್ಷಗಳ ಹಿಂದೆ ಒಂದು ಮಾಗಿಯ ಬೆಳಗ್ಗೆ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ನಾನು ಅಲ್ಲಿಗೆ ಹೋಗಿದ್ದೆ. ಬಂಡೆ ಕಡಿದಾಗುತ್ತಿದ್ದಂತೆ ಹುಡುಗರೆಲ್ಲರೂ ಮಾಡುವುದನ್ನೇ ಮಾಡಿದರು: ಬಾಗಿ, ಎದೆಯನ್ನು ಕಲ್ಲಿಗೆ ಹತ್ತಿರ ತಂದು, ನಾಲ್ಕು ಕಾಲಿನ ಪ್ರಾಣಿಯಂತೆ ಕೈಯೂರತೊಡಗಿದರು. ಮೈ ಬಾಗಿದಷ್ಟೂ ದೇಹದ ಭಾರ ಪಾದದ ಮೇಲೆ ನೇರವಾಗಿ ಬೀಳದೆ ಕಾಲು ಜಾರುತ್ತದೆ. ಜಾರಿದಷ್ಟೂ ಭಯ ಹೆಚ್ಚುತ್ತದೆ. ಭಯ ಹೆಚ್ಚಿದಷ್ಟೂ ಮನುಷ್ಯ ಇನ್ನಷ್ಟು ಬಾಗುತ್ತಾನೆ. ಉಪಾಯವಿರುವುದು ಇದರ ವಿರುದ್ಧ ದಿಕ್ಕಿನಲ್ಲಿ. ಹೆದರಿಕೆಯಾದಾಗಲೇ ನೆಟ್ಟಗೆ ನಿಲ್ಲಬೇಕು, ಅಂಗಾಲನ್ನು ಪೂರ್ತಿಯಾಗಿ ಕಲ್ಲಿಗೆ ಒಪ್ಪಿಸಬೇಕು, ಹೆಜ್ಜೆಯನ್ನು ಚಿಕ್ಕದಾಗಿ ಇಡಬೇಕು.

ಇದನ್ನು ಎಲ್ಲರಿಗಿಂತ ಮೊದಲು ತಿಳಿದುಕೊಂಡವನು ಚನ್ನಪಟ್ಟಣದ ಒಬ್ಬ ಹುಡುಗ. ಬೊಂಬೆ ಮಾಡುವ ಮನೆತನ ಅವನದು. ತಿರುಗುವ ಹಾಲೆಮರಕ್ಕೆ ಉಳಿ ಹಿಡಿದು, ಅರಗಿನ ಬಣ್ಣ ಏರಿಸುವುದನ್ನು ಬಾಲ್ಯದಿಂದಲೇ ಕಂಡು ಮಾಡಿ ಬೆಳೆದವನು. ಮೊದಮೊದಲು ಅವನೂ ತನ್ನ ಬಲಿಷ್ಠವಾದ ಬೆರಳುಗಳಿಂದ ಬಂಡೆಯನ್ನು ಪರಚಿದ. ಆಮೇಲೆ ಒಂದು ಗಳಿಗೆ ನಿಂತು, ತನಗೆ ತಾನೇ ಹೇಳಿಕೊಳ್ಳುವವನಂತೆ, "ಉಳೀನೂ ಹಿಂಗೇ ಸಾರ್. ಹೆದರ್ಕೊಂಡು ಒತ್ತಿದ್ರೆ ಮರ ಕಚ್ಕೊಂಬಿಡ್ತದೆ. ಸುಮ್ನೆ ಇಡ್ಬೇಕು," ಎಂದ. ಅಲ್ಲಿಂದ ಮುಂದೆ ಅವನು ನಡೆದ ರೀತಿಯನ್ನು ನಾನು ಮರೆತಿಲ್ಲ; ಕೈಗಳೆರಡೂ ಪಕ್ಕದಲ್ಲಿ ಸಡಿಲವಾಗಿ ತೂಗಾಡುತ್ತಿದ್ದುವು, ಪಾದಗಳು ಮಾತ್ರ ಒಂದೊಂದಾಗಿ ಕಲ್ಲಿನ ಉರುಟನ್ನು ವಿಚಾರಿಸಿಕೊಂಡು ಊರುತ್ತಿದ್ದುವು.

ಈ ಬೆಟ್ಟದ ಹೆಸರು ಶಾಸನದಲ್ಲಿ ಮೊದಲು ಕಾಣಿಸಿಕೊಳ್ಳುವುದು ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ ಕ್ರಿ.ಶ. 1340ರ ಬರಹದಲ್ಲಿ, ಅಲ್ಲಿ ಇದು 'ಸಾವಂದಿ'. ಅದಕ್ಕೆ ನಾಲ್ಕೇ ವರ್ಷ ಮುಂಚೆ, 1336ರಲ್ಲಿ, ಇಟಲಿಯ ಕವಿ ಪೆಟ್ರಾರ್ಕ್ ಫ್ರಾನ್ಸಿನ ವೆಂಟೂ ಪರ್ವತವನ್ನು ತನ್ನ ತಮ್ಮನೊಡನೆ ಏರಿದ. ತಮ್ಮ ನೇರವಾದ, ಕಡಿದಾದ ದಾರಿಯಲ್ಲಿ ಹತ್ತುತ್ತಿದ್ದರೆ, ಕವಿ ಸುಲಭವಾದ ದಾರಿಯನ್ನು ಹುಡುಕುತ್ತ ಮತ್ತೆ ಮತ್ತೆ ಕೆಳಕ್ಕಿಳಿದು, ದುಪ್ಪಟ್ಟು ದಣಿದು, ತನ್ನ ಬಾಳೂ ಹೀಗೆಯೇ ನಡೆದಿದೆಯಲ್ಲವೆ ಎಂದು ನೊಂದುಕೊಂಡನಂತೆ. ನೆತ್ತಿಯ ಮೇಲೆ ಸಂತ ಅಗಸ್ಟೀನನ ಗ್ರಂಥವನ್ನು ತೆರೆದು ನೋಡಿ, ಹೊರಗಿನ ಎತ್ತರಗಳಿಗೆ ಬೆರಗಾಗುವ ತಾನು ಒಳಗಿನದನ್ನು ಮರೆತೆನೆಂದು ನಾಚಿ, ಇಳಿಯುವಾಗ ಮೌನಿಯಾದನೆಂದು ಅವನ ಪತ್ರದಿಂದ ತಿಳಿಯುತ್ತದೆ. ನೋಟಕ್ಕಾಗಿ ಹೋದವನು ತನ್ನನ್ನೇ ಕಂಡು ಬಂದ ಆ ಪ್ರಸಂಗ ನನಗೆ ಬಹು ಪ್ರಿಯವಾದದ್ದು.

ಬೆಟ್ಟದ ಮೇಲೆ ಇದ್ದಮಾತ್ರಕ್ಕೆ ಬೆಟ್ಟದ ಗುಣ ಬಾರದು. ಅಭೇದ್ಯವೆಂದು ಹೆಸರಾಗಿದ್ದ ಸಾವನದುರ್ಗದ ಕೋಟೆ 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆಯ ಕೈವಶವಾಯಿತು. ಕಲ್ಲಿನ ಕಾಠಿಣ್ಯ ಕಾವಲಿನವರನ್ನು ಕಾಯಲಿಲ್ಲ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗವಂತೂ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೆರೆಮನೆಯಾಗಿದ್ದಿತು. ಇಂದು ನಾವು ಉಲ್ಲಾಸಕ್ಕಾಗಿ ಏರುವ ಆ ಬಂಡೆಯನ್ನು ಅಂದು ಬೇಡಿ ತೊಟ್ಟವರು ಏರಿದ್ದರೆಂಬುದನ್ನು ನೆನೆದರೆ, ಇಷ್ಟಪಟ್ಟು ಏರಿ ಇಷ್ಟಬಂದಾಗ ಇಳಿಯುವುದು ಎಂಥ ಭಾಗ್ಯವೆಂಬ ಅರಿವು ಮೂಡುತ್ತದೆ.

ಆದರೂ ನನಗೆ ಹೆಚ್ಚಿನದನ್ನು ಕಲಿಸಿದ್ದು ಹತ್ತಿದ ದಿನವಲ್ಲ, ಹತ್ತದೆ ಹಿಂದಿರುಗಿದ ದಿನ. ಅದೇ ಸಾವನದುರ್ಗ, ಮತ್ತೊಂದು ವರ್ಷದ ಆಷಾಢ. ಬೆಳಗಿನ ಜಾವ ಎದ್ದು, ಎರಡು ಬಸ್ಸು ಬದಲಿಸಿ ಬಂದಿದ್ದೆವು. ಬುತ್ತಿಯಲ್ಲಿ ಚಿತ್ರಾನ್ನವಿತ್ತು, ಮನಸ್ಸಿನಲ್ಲಿ ಉತ್ಸಾಹವಿತ್ತು. ಮಳೆ ಬಂದಿರಲಿಲ್ಲ, ಬರಿಯ ತುಂತುರು ಸುಳಿದು ಹೋಗಿತ್ತು. ಅರ್ಧ ಗಂಟೆಯಷ್ಟು ಏರಿದಾಗ, ಮೇಕೆಗಳನ್ನು ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ನಮ್ಮನ್ನು ತಡೆದರು. ಹೆಗಲ ಮೇಲೆ ಕಂಬಳಿ, ಬರಿಗಾಲು. ಬಾಗಿ, ಅಂಗೈಯನ್ನು ಬಂಡೆಯ ಮೇಲೊಮ್ಮೆ ಸವರಿ, ಅದನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು, ಅಂಗೈ ಹೊಳೆಯುತ್ತಿತ್ತು. "ಬಂಡೆ ಬೆವತೈತೆ ಸ್ವಾಮಿ. ಇವತ್ತು ಬ್ಯಾಡಿ. ಬೆಟ್ಟ ಎಲ್ಲಿಗೂ ಓಗಾಕಿಲ್ಲ," ಎಂದರು.

ಒಣಗಿದಾಗ ಅಂಗಾಲನ್ನು ಅಂಟಿನಂತೆ ಹಿಡಿಯುವ ಆ ಕಲ್ಲು, ಮೇಲೆ ಹಬ್ಬಿರುವ ಕಪ್ಪು ಪಾಚಿ ತೇವಗೊಂಡರೆ ಎಣ್ಣೆ ಸವರಿದ ಗಾಜಾಗುತ್ತದೆ. ಈ ಬಂಡೆಗಳ ಮೇಲೆ ಪ್ರಾಣ ಕಳೆದುಕೊಂಡವರುಂಟು. ಇಷ್ಟೆಲ್ಲ ತಿಳಿದಿದ್ದ ನಾನು ಏನು ಮಾಡಿದೆ? ಇನ್ನು ಸ್ವಲ್ಪ ದೂರ ನೋಡೋಣವೆಂದೆ. ಬಸ್ಸಿನ ಖರ್ಚು, ಕಳೆದ ನಿದ್ರೆ, ಹಿಂದಿರುಗಿದರೆ ಹುಡುಗರು ಏನೆಂದುಕೊಂಡಾರೆಂಬ ಅಳುಕು, ಇವೆಲ್ಲ ಸೇರಿ ನನ್ನ ಬಾಯಿಂದ ಆ ಮಾತನ್ನು ಆಡಿಸಿದುವು. ಮುಂದಿನ ಹತ್ತು ಹೆಜ್ಜೆಯೊಳಗೆ ಜೊತೆಗಿದ್ದ ಹುಡುಗಿಯೊಬ್ಬಳ ಕಾಲು ಜಾರಿತು. ಎರಡಾಳಿನಷ್ಟು ದೂರ ಕೆಳಕ್ಕೆ ಸರಿದು, ಬಂಡೆಯ ತಗ್ಗಿನಲ್ಲಿ ಬೆಳೆದಿದ್ದ ಹುಲ್ಲಿನ ಪೊದೆಗೆ ತಡೆದು ನಿಂತಳು. ಮೊಣಕೈ ತರೆದುದನ್ನು ಬಿಟ್ಟರೆ ಅವಳಿಗೆ ಏನೂ ಆಗಲಿಲ್ಲ. ಆ ಕೆಲವು ಕ್ಷಣಗಳಲ್ಲಿ ನನ್ನೊಳಗೆ ಏನೇನಾಯಿತೆಂಬುದನ್ನು ಬರೆಯಲು ಇಂದಿಗೂ ಕೈ ಹಿಂಜರಿಯುತ್ತದೆ. ತಪ್ಪು ನನ್ನದು, ಅದನ್ನು ಅಲ್ಲಿಯೇ ಎಲ್ಲರ ಮುಂದೆ ಹೇಳಿದೆ. ಮುದುಕರು ಒಂದು ಮಾತೂ ಆಡದೆ, ತಮ್ಮ ಕಂಬಳಿಯನ್ನು ತೆಗೆದು ತೇವದ ಬಂಡೆಯ ಮೇಲೆ ಹಾಸಿ, ಅದರ ಮೇಲೆ ಕಾಲಿಟ್ಟು ಬರುವಂತೆ ಅವಳಿಗೆ ಸನ್ನೆ ಮಾಡಿದರು. ನರಸಿಂಹನ ಗುಡಿಯ ಬಳಿ ಕುಳಿತು ಚಿತ್ರಾನ್ನವನ್ನು ಅವರೊಡನೆ ಹಂಚಿಕೊಂಡು ತಿಂದೆವು. ಶಿಖರವನ್ನು ಮುಟ್ಟಿದ ಹಲವು ದಿನಗಳು ಮರೆತುಹೋಗಿವೆ. ಆ ಊಟ ಮರೆತಿಲ್ಲ.

ಇಂಥ ಸಂಯಮವನ್ನು ರಾಮನಗರದ ರಾಮದೇವರ ಬೆಟ್ಟ ಇನ್ನೊಂದು ಬಗೆಯಲ್ಲಿ ಕೇಳುತ್ತದೆ. 'ಶೋಲೆ' ಚಲನಚಿತ್ರದಿಂದ ಆ ಬೆಟ್ಟವನ್ನು ದೇಶವೆಲ್ಲ ಬಲ್ಲುದು. ಆದರೆ ಅದರ ನಿಜವಾದ ನಿವಾಸಿಗಳು ಕಡಿದಾದ ಗೋಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ಈ ಪಕ್ಷಿಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡವನ್ನು ಕೆಡಿಸಿ, ದೇಶಾದ್ಯಂತ ಅವುಗಳ ಕುಲವನ್ನೇ ಅಳಿವಿನ ಅಂಚಿಗೆ ತಂದಿತು. ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು 2006ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟ ರಣಹದ್ದುಗಳ ವನ್ಯಧಾಮವಾಯಿತು. ಅಂದಿನಿಂದ ಇಲ್ಲಿ ಎಲ್ಲೆಂದರಲ್ಲಿ ಹತ್ತುವ ಸ್ವಾತಂತ್ರ್ಯ ನಮಗಿಲ್ಲ. ಹತ್ತಬಲ್ಲ ಬಂಡೆಯ ಎದುರಿಗೆ ನಿಂತು, ಅಲ್ಲಿ ಒಂದು ತಾಯಿಹಕ್ಕಿ ವರ್ಷಕ್ಕೆ ಒಂದೇ ಮೊಟ್ಟೆಯಿಟ್ಟು ಕಾವು ಕೊಡುತ್ತಿರುವುದೆಂದು ತಿಳಿದು, ಹತ್ತದೆ ಸುಮ್ಮನೆ ನೋಡಿ ಬರುವುದು ಕೂಡ ಚಾರಣವೇ. ಗುಡ್ಡದ ಮೇಲೆ ರಾತ್ರಿಯಿಡೀ ಗದ್ದಲವೆಬ್ಬಿಸಿ, ಬಂಡೆಗೆ ಬಣ್ಣ ಬಳಿದು ಹೆಸರು ಬರೆದು, ಬಾಟಲಿ ಒಡೆದು ಇಳಿಯುವವರನ್ನು ಕಂಡಾಗ ನನಗೆ ಆಗುವ ಸಂಕಟ ಅಷ್ಟಿಷ್ಟಲ್ಲ. ಅವರು ಹತ್ತಲೇ ಇಲ್ಲ, ಊರನ್ನೇ ಮೇಲಕ್ಕೆ ಹೊತ್ತುಕೊಂಡು ಬಂದರು.

ಚನ್ನಪಟ್ಟಣದ ಆ ಹುಡುಗ ಈಗ ಗೃಹಸ್ಥ. ಕಳೆದ ಪುಷ್ಯಮಾಸದಲ್ಲಿ ಅವನನ್ನು ಮತ್ತೆ ಸಾವನದುರ್ಗದಲ್ಲಿಯೇ ಕಂಡೆ. ಅರುವತ್ತು ದಾಟಿದ ಅವನ ತಾಯಿಗೆ ಮೇಲಿನ ನಂದಿಯನ್ನು ಒಮ್ಮೆ ನೋಡಬೇಕೆಂಬ ಆಸೆಯಿದ್ದಿತಂತೆ. ಬೆಳಗಾಗುವ ಮೊದಲೇ ಹೊರಟು, ಹತ್ತು ಕಡೆ ಕೂರಿಸಿ, ದರ್ಶನ ಮಾಡಿಸಿ ಇಳಿಸಿಕೊಂಡು ಬರುತ್ತಿದ್ದ. ಕೆಳಗೆ ಮಂಚನಬೆಲೆಯ ನೀರು ಬಿಸಿಲಿಗೆ ಬೆಳ್ಳಗೆ ಹರಡಿತ್ತು. ಆ ಕಡೆಗೆ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ತಾಯಿಗಿಂತ ಎರಡು ಹೆಜ್ಜೆ ಕೆಳಗೆ, ಅವರ ಕಡೆಗೆ ಮುಖಮಾಡಿ ನಿಂತು, ಅವರ ಪಾದ ಊರುವ ಎಡೆಯನ್ನು ಮೊದಲು ತನ್ನ ಕೈಯಿಂದ ಸವರಿ ನೋಡುತ್ತಿದ್ದ. "ಒತ್ಬೇಡ ಕಣವ್ವಾ," ಎನ್ನುತ್ತಿದ್ದ ಮೆಲ್ಲಗೆ. "ಸುಮ್ನೆ ಇಡು."