ಹದಿನೇಳು ಮರಿಗಳ ಲೆಕ್ಕ

ನಮ್ಮ ಅಜ್ಜೀಪುರದ ಕಡೆ ಮನೆಗೆ ‘ಹಟ್ಟಿ’ ಎನ್ನುತ್ತೇವೆ. ಹಟ್ಟಿ ಎಂದ ಮೇಲೆ ಮುಂದೊಂದು ಜಗುಲಿ, ಹಿಂದೊಂದು ತಿಪ್ಪೆ, ಆ ತಿಪ್ಪೆ ಕೆದಕಲು ನಾಲ್ಕು ಕೋಳಿ ಇರಲೇಬೇಕು. ನಮ್ಮ ಹಟ್ಟಿಯಲ್ಲೂ ಇವೆ. ಅವುಗಳ ಯಜಮಾನಿಕೆ ನನ್ನ ಹೆಂಡತಿಯದು. ಲೆಕ್ಕಪತ್ರ ಮಾತ್ರ ಐದನೇ ತರಗತಿ ಓದುವ ಮೊಮ್ಮಗನದು.

ಕಳೆದ ವರ್ಷ ಕೆಂಪು ಹೇಂಟೆಯೊಂದು ಕಾವಿಗೆ ಕೂತಿತು. ಅಜ್ಜಿ ಮಂಕರಿಗೆ ಬೂದಿ, ಹುಲ್ಲು ಹಾಕಿ 13 ಮೊಟ್ಟೆ ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಚೂರನ್ನೂ, ಇದ್ದಿಲ ತುಂಡನ್ನೂ ಪಕ್ಕದಲ್ಲಿಟ್ಟಳು. ಸರಿಯಾಗಿ 21ನೇ ದಿನ 11 ಮರಿಗಳು ಹೊರಬಂದವು. ಮೊಮ್ಮಗ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯತೊಡಗಿದ: ‘ಮೊದಲನೇ ದಿನ. ಮರಿ 11. ಎಲ್ಲ ಚೆನ್ನಾಗಿವೆ.’

ಮೂರನೇ ದಿನ ಮೊಪೆಡ್ಡಿನಲ್ಲಿ ಮರಿ ಮಾರುವವನೊಬ್ಬ ಬಂದ. ಹುಡುಗ ಕೂಡಿಟ್ಟ ಕಾಸನ್ನೆಲ್ಲ ಕೊಟ್ಟು 6 ಮರಿ ಕೊಂಡ. ಕತ್ತಲಾದ ಮೇಲೆ ಅಜ್ಜಿ ಅವನ್ನು ಒಂದೊಂದಾಗಿ ಹೇಂಟೆಯ ರೆಕ್ಕೆಯಡಿ ಸೇರಿಸಿದಳು. ಬೆಳಗ್ಗೆ ನೋಡಿದರೆ ಹೇಂಟೆ 17 ಮರಿಗಳನ್ನೂ ತನ್ನವೇ ಎಂಬಂತೆ ಕರೆದುಕೊಂಡು ಹೊರಟಿತ್ತು. ಹುಡುಗನ ಹಿಗ್ಗು ಹೇಳತೀರದು.

ಮಳೆಯ ರಾತ್ರಿ

ಏಳನೇ ರಾತ್ರಿ ಹಸ್ತ ಮಳೆ ಗಾಳಿಯೊಂದಿಗೆ ಹೊಡೆಯಿತು. ಬೆಳಗ್ಗೆ ಗೂಡಿನ ಅಂಚಿನಲ್ಲಿ 3 ಮರಿ ಸತ್ತು ಬಿದ್ದಿದ್ದವು. ಮೂರೂ ಹುಡುಗ ಕೊಂಡು ತಂದವು.

ಇದಕ್ಕೆ ಕಾರಣ ನಮಗೇ ಹೊಳೆಯಿತು. ಎಳೆ ಮರಿಗೆ ಇರುವುದು ಬರೀ ತುಪ್ಪಳ. ಸರಿಯಾದ ಗರಿ ಮೂಡುವವರೆಗೆ ಅದು ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ತಾಯಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮರಿಗೆ ಅದೇ ಒಲೆ, ಅದೇ ಕಂಬಳಿ. ಆದರೆ ಒಂದು ಹೇಂಟೆಯ ರೆಕ್ಕೆ 17 ಮರಿಗೆ ಸಾಲುವುದಿಲ್ಲ. ಅಂಚಿಗೆ ಬಿದ್ದವು ನೆನೆದವು, ನೆನೆದವು ಸತ್ತವು.

ಇನ್ನು ಮರಿ ನೆನೆಯಬಾರದೆಂದು ನಾನು ಸೊಂಟ ಕಟ್ಟಿ ನಿಂತೆ. ಗೂಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿದೆ. ಒಳಗೆ ಎರಡು ಪದರ ಗೋಣಿ ಹಾಸಿದೆ. ಮರಿಗಳು ಹೊರಗೆ ಬರುವುದೇ ಬೇಡವೆಂದು ದೊಡ್ಡ ತಟ್ಟೆಯಲ್ಲಿ ನೀರನ್ನೂ ಒಳಗೇ ಇಟ್ಟೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು.

ಹತ್ತು ದಿನ ಎಲ್ಲ ಸರಿಯಿತ್ತು. 18ನೇ ದಿನ ಕೆಲವು ಮರಿಗಳು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಗುಬ್ಬಳಿಸಿ ನಿಂತವು. ನುಚ್ಚು ಹಾಕಿದರೂ ಓಡಿ ಬರಲಿಲ್ಲ. ಆ ದಿನ 2 ಸತ್ತವು. ಮರುದಿನ 3. ಮೂರನೇ ದಿನ ಬೆಳಗ್ಗೆ ಮತ್ತೊಂದು. ಈ ಸಲ ಮಳೆಯಲ್ಲಿ ಯಾವುದೂ ನೆನೆದಿರಲಿಲ್ಲ. ಹದ್ದು ಬಂದಿರಲಿಲ್ಲ, ಮುಂಗುಸಿ ಕಚ್ಚಿರಲಿಲ್ಲ.

“ಯಾರ ಕಣ್ಣು ಬಿತ್ತೋ ಕಾಣೆ ಕನ” ಎಂದು ಅಜ್ಜಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಪಕ್ಕದ ಹಟ್ಟಿಯವರು, “ಕೊಂಡು ತಂದ ಮರಿಯಿಂದ ರೋಗ ಬಂದಿರಬೇಕು” ಎಂದರು. ಅದನ್ನು ಕೇಳಿಸಿಕೊಂಡ ಹುಡುಗ ಊಟ ಬಿಟ್ಟು ಮೂಲೆ ಸೇರಿದ. ನಾನೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ನನಗೂ ಹಾಗೇ ಅನ್ನಿಸಿತ್ತು.

ಕರುಳು ಹೇಳಿದ ಕಾರಣ

ಸತ್ತ ಮರಿಯನ್ನು ಕವರಿನಲ್ಲಿ ಸುತ್ತಿ, ಜಡವಾಗಿದ್ದ ಇನ್ನೊಂದು ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಶು ಆಸ್ಪತ್ರೆಗೆ ಹೊರಟೆವು. “ಮರಿಗೆ ಎಷ್ಟು ದಿನ? ಎಂದಿನಿಂದ ಸಾಯುತ್ತಿವೆ? ಹಿಕ್ಕೆ ಹೇಗಿತ್ತು?” ಎಂದು ಡಾಕ್ಟರು ಕೇಳಿದರು. ನಾನು ತಡವರಿಸಿದೆ. ಹುಡುಗ ಅಂಗಿಯೊಳಗಿಂದ ನೋಟ್‌ಬುಕ್ಕು ತೆಗೆದು ಅವರ ಮುಂದಿಟ್ಟ. ಅದರಲ್ಲಿ ಹೀಗಿತ್ತು: ‘18ನೇ ದಿನ. ಹಿಕ್ಕೆ ಕೆಂಪಗಿದೆ. ಮರಿ 12.’

ಡಾಕ್ಟರು ಕೈಗವಸು ಹಾಕಿಕೊಂಡು ಸತ್ತ ಮರಿಯನ್ನು ಸೀಳಿ ತೋರಿಸಿದರು. ಕೋಳಿಯ ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲಗಳಿರುತ್ತವೆ. ಆ ಎರಡೂ ಊದಿಕೊಂಡು ರಕ್ತದಿಂದ ತುಂಬಿದ್ದವು. “ಇದು ಕಾಕ್ಸಿಡಿಯೋಸಿಸ್. ನಿಮ್ಮ ಮಾತಿನಲ್ಲಿ ರಕ್ತಭೇದಿ” ಎಂದರು.

ಈ ರೋಗ ತರುವುದು ಕಣ್ಣಿಗೆ ಕಾಣದ ಒಂದು ಏಕಕೋಶ ಜೀವಿ. ರೋಗ ತಗುಲಿದ ಕೋಳಿಯ ಹಿಕ್ಕೆಯಲ್ಲಿ ಅದರ ತತ್ತಿಗಳು ಹೊರಬೀಳುತ್ತವೆ. ಬಿದ್ದ ತಕ್ಷಣ ಅವು ಅಪಾಯಕಾರಿಯಲ್ಲ. ತೇವ ಮತ್ತು ಬೆಚ್ಚನೆಯ ಜಾಗ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತವೆ. ಅವು ಮೇವು, ನೀರಿನ ಜೊತೆ ಮರಿಯ ಹೊಟ್ಟೆ ಸೇರಿದರೆ ಕರುಳಿನ ಗೋಡೆಯೊಳಗೆ ಹೊಕ್ಕು, ಒಂದು ನೂರಾಗಿ, ನೂರು ಸಾವಿರವಾಗಿ ಹೆಚ್ಚಿ ಅದನ್ನು ಹರಿದುಹಾಕುತ್ತವೆ. ಒಣ ನೆಲದಲ್ಲಿ ಅಲ್ಪಸ್ವಲ್ಪ ತತ್ತಿ ತಿಂದ ಮರಿ ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಳ್ಳುತ್ತದೆ. ಒದ್ದೆ ಗೂಡಿನಲ್ಲಿ ಒಮ್ಮೆಗೇ ರಾಶಿ ತಿಂದ ಮರಿ ಸಾಯುತ್ತದೆ. ಕೋಳಿಯ ಈ ರೋಗ ಮನುಷ್ಯರಿಗಾಗಲಿ, ದನಕರುಗಳಿಗಾಗಲಿ ಬರುವುದಿಲ್ಲ.

ಡಾಕ್ಟರು ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ‘8ನೇ ದಿನ. ತಾತ ಟಾರ್ಪಾಲು ಕಟ್ಟಿದರು. ನೀರು ಒಳಗೆ ಇಟ್ಟರು.’

“ಆಮೇಲೆ ಗೋಣಿ ಎಷ್ಟು ಸಲ ಬದಲಾಯಿಸಿದಿರಿ?” ಎಂದು ಕೇಳಿದರು. ಒಮ್ಮೆಯೂ ಬದಲಾಯಿಸಿರಲಿಲ್ಲ. ಮರಿಗಳು ತಟ್ಟೆಗೆ ಹಾರಿ ನೀರು ಚೆಲ್ಲಿದ್ದವು, ಅದರಲ್ಲೇ ಹಿಕ್ಕೆ ಹಾಕಿದ್ದವು, ಅದನ್ನೇ ಕುಡಿದಿದ್ದವು. ಗಾಳಿ ಬಿಸಿಲು ಆಡದ ಗೂಡಿನಲ್ಲಿ ಗೋಣಿ ಹಸಿಹಸಿಯಾಗಿಯೇ ಇತ್ತು.

ಬರುವಾಗ ಹುಡುಗ ಮೆಲ್ಲಗೆ ಕೇಳಿದ, “ತಾತ, ನಾನು ತಂದ ಮರಿಯಿಂದಲೇ ಎಲ್ಲ ಸತ್ತವಾ?”

ದಾರಿ ಬದಿಯ ಹುಣಸೆಮರದಡಿ ನಿಂತು ಹೇಳಿದೆ. “ಇಲ್ಲ ಕನ ಕೂಸು. ಆ ತತ್ತಿಗಳು ಕೋಳಿ ಓಡಾಡುವ ಮಣ್ಣಿನಲ್ಲೆಲ್ಲ ಇರುತ್ತವಂತೆ. ಅವಕ್ಕೆ ಬೇಕಾದ ತೇವ ಮಾಡಿಕೊಟ್ಟವನು ನಾನು. ಎರಡು ದಿನದಿಂದ ನಿನ್ನ ಮೇಲೆ ಮಾತು ಬಂದಾಗ ಸುಮ್ಮನಿದ್ದೆನಲ್ಲ, ಅದೂ ತಪ್ಪು.”

ಅವನು ಏನೂ ಹೇಳಲಿಲ್ಲ. ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ನನ್ನ ಬೆರಳು ಹಿಡಿದುಕೊಂಡ.

ಜಾವಾದ ಕೋಳಿಗಳು

ಆ ರಾತ್ರಿ ಅವನಿಗೊಂದು ನಡೆದ ಕಥೆ ಹೇಳಿದೆ. 1890ರ ಆಸುಪಾಸಿನಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರಿದ್ದರು. ಕಾಲಿನ ಶಕ್ತಿ ಉಡುಗಿಸಿ ಜನರನ್ನು ಕೊಲ್ಲುತ್ತಿದ್ದ ಬೆರಿಬೆರಿ ರೋಗಕ್ಕೆ ಅವರು ಕಾರಣ ಹುಡುಕುತ್ತಿದ್ದರು. ಒಮ್ಮೆ ಪ್ರಯೋಗಾಲಯದ ಕೋಳಿಗಳೂ ಕಾಲು ಸೋತು ಬಿದ್ದವು. ಕೆಲವು ತಿಂಗಳ ನಂತರ ತಾವಾಗಿಯೇ ಎದ್ದು ಓಡಾಡತೊಡಗಿದವು. ಐಕ್‌ಮನ್ ಅದನ್ನು ಹಾಗೇ ಬಿಡಲಿಲ್ಲ. ಈ ನಡುವೆ ಏನು ಬದಲಾಯಿತೆಂದು ವಿಚಾರಿಸಿದರು. ಆಸ್ಪತ್ರೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರಂತೆ. ಹೊಸ ಅಡುಗೆಯವನು ಅದನ್ನು ಕೊಡಲು ಒಪ್ಪದ ಕಾರಣ ತೌಡು ತೆಗೆಯದ ಅಕ್ಕಿ ಹಾಕಿದ್ದರು. ಕೋಳಿಗಳು ಎದ್ದದ್ದು ಅದರಿಂದ. ತೌಡಿನಲ್ಲಿದ್ದ ಆ ಸತ್ವವನ್ನು ಈಗ ವಿಟಮಿನ್ ಬಿ1 ಎನ್ನುತ್ತೇವೆ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು.

“ಅವರೂ ನೋಟ್‌ಬುಕ್ಕು ಇಟ್ಟಿದ್ದರಾ?” ಎಂದು ಹುಡುಗ ಕೇಳಿದ. “ಇಡದೆ ಇರ್ತಾರಾ?” ಎಂದೆ.

ಬೀದಿಗೆಲ್ಲ ಒಂದು ಬಾಟಲಿ

ಗೂಡಿನ ಗೋಣಿ ಸುಟ್ಟೆವು. ನೆಲ ಕೆರೆದು ಸುಣ್ಣ ಹಾಕಿ, ಒಣ ಭತ್ತದ ಹೊಟ್ಟು ಹರಡಿದೆವು. ಟಾರ್ಪಾಲನ್ನು ಮಳೆ ಬೀಸುವ ಕಡೆ ಮಾತ್ರ ಉಳಿಸಿದೆವು. ಡಾಕ್ಟರು ಕೊಟ್ಟ ಪುಡಿಯನ್ನು ಅವರು ಹೇಳಿದ ಅಳತೆಯಲ್ಲೇ 5 ದಿನ ನೀರಿಗೆ ಬೆರೆಸಿದೆವು. ಮರುದಿನ ಇನ್ನೊಂದು ಮರಿ ಸತ್ತಿತು. ಉಳಿದ 7 ಚೇತರಿಸಿಕೊಂಡವು. ಅವುಗಳಲ್ಲಿ 2 ಹುಡುಗ ಕೊಂಡು ತಂದವು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ರಕ್ತಭೇದಿಗಾದರೆ ಔಷಧಿ ಇದೆ, ಕೊಕ್ಕರೆ ರೋಗಕ್ಕೆ ಇಲ್ಲ. ಕತ್ತು ತಿರುಚುವುದು, ಬಾಯಿ ತೆರೆದು ಉಸಿರಾಡುವುದು, ಹಸಿರು ಭೇದಿ ಇದರ ಗುರುತು. ಒಮ್ಮೆ ಹೊಕ್ಕರೆ ಊರಿನ ಕೋಳಿಗಳನ್ನೆಲ್ಲ ಬರಿದು ಮಾಡಬಲ್ಲ ವೈರಾಣು ಅದು. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಇದನ್ನು ಗುರುತಿಸಿದರು. ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಂಡದ್ದರಿಂದ ನಮ್ಮ ದೇಶದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಇದೆ. ತಡೆಯುವ ದಾರಿ ಲಸಿಕೆ ಮಾತ್ರ. ವಾರದ ಮರಿಗೆ ಕಣ್ಣಿಗೋ ಮೂಗಿಗೋ ಒಂದೇ ಹನಿ. ಬೆಳೆದ ಮೇಲೆ ರೆಕ್ಕೆಯಡಿ ಚುಚ್ಚುಮದ್ದು.

ತೊಡಕೆಂದರೆ, ಒಂದು ಸಣ್ಣ ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ತಣ್ಣಗೆ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಏಳು ಮರಿಗೆ ಯಾರು ಒಡೆಯುತ್ತಾರೆ? ಹುಡುಗ ಬೀದಿಯ ಹಟ್ಟಿ ಹಟ್ಟಿಗೂ ಹೋಗಿ ಕೋಳಿ ಎಣಿಸಿ ಬರೆದುಕೊಂಡು ಬಂದ. ಮರಿಗಳು ಗಟ್ಟಿಯಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಎಲ್ಲರೂ ಮಂಕರಿ ಹೊತ್ತು ನಮ್ಮ ಜಗುಲಿಗೆ ಬಂದರು. ಕಣ್ಣು ಬಿತ್ತೆಂದ ಅಜ್ಜಿಯೇ ಮರಿಗಳನ್ನು ಒಂದೊಂದಾಗಿ ಹಿಡಿದುಕೊಟ್ಟಳು.

ಮಕ್ಕಳೇ, ನಿಮ್ಮ ಮನೆಯಲ್ಲಿ ಮರಿಗಳಿದ್ದರೆ

• ತಾಯಿ ಇಲ್ಲದ ಮರಿಗೆ ಬಲ್ಬಿನ ಶಾಖ ಕೊಡಿ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಕಡಿಮೆ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮೇಯ್ದರೆ ಸರಿ.
• ನೀರಿನ ಪಾತ್ರೆ ಕಿರಿದಾಗಿರಲಿ, ಮರಿ ಒಳಗೆ ಇಳಿಯುವಂತಿರಬಾರದು. ದಿನಕ್ಕೆರಡು ಸಲ ನೀರು ಬದಲಾಯಿಸಿ.
• ಒದ್ದೆಯಾದ ಹಾಸನ್ನು ಅಂದೇ ತೆಗೆಯಿರಿ.
• ಕೊಂಡು ತಂದ ಮರಿಗಳನ್ನು ಎರಡು ವಾರ ಬೇರೆ ಇಟ್ಟು ನೋಡಿ, ಆಮೇಲೆ ಸೇರಿಸಿ. ನಾವು ಇದನ್ನೂ ಮಾಡಿರಲಿಲ್ಲ.
• ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ. ದೊಡ್ಡವರಿಗೆ ಹೇಳಿ, ಆಳವಾಗಿ ಹೂಳಿ ಸುಣ್ಣ ಹಾಕಿಸಿ.
• ಒಮ್ಮೆಗೇ ಹಲವು ಕೋಳಿ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಂಜೀವಿನಿಯ ಉಚಿತ ಸಂಖ್ಯೆ 1962.

ಈಗ ಅದೇ ಹೇಂಟೆ ಮತ್ತೆ 9 ಮರಿಗಳ ತಾಯಿ. ಕಬ್ಬಿಣದ ಚೂರು ಮಂಕರಿಯ ಪಕ್ಕದಲ್ಲೇ ಇದೆ, ನೋಟ್‌ಬುಕ್ಕು ಗೂಡಿನ ಮೇಲಿದೆ. ಸಂಜೆ ಗೂಡು ಮುಚ್ಚುವ ಮೊದಲು ಅಜ್ಜಿ ಒಳಗಿನಿಂದಲೇ ಕೂಗುತ್ತಾಳೆ, “ಕೂಸೇ, ಎಷ್ಟವೆ?”

“ಒಂಬತ್ತು ಅಜ್ಜಿ. ಹಾಸು ಒಣಗದೆ!”