ಹಲ್ಲು ಕ್ಲೀನ್ ಮಾಡೋಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಪಡೆದವರಿಗೆ ಕೆಲಸ ಎಲ್ಲಿ?

ಪಿಯುಸಿ ಸೈನ್ಸ್ ಮುಗೀತು, ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಮುಂದೇನು? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮನೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಬರೋದು ಎರಡೇ ಉತ್ತರ: ನರ್ಸಿಂಗ್, ಇಲ್ಲಾಂದ್ರೆ ಬಿಎಸ್ಸಿ. ಡೆಂಟಲ್ ಹೈಜೀನಿಸ್ಟ್ ಅನ್ನೋ ಹೆಸರು ಯಾರ ಬಾಯಲ್ಲೂ ಬರೋದಿಲ್ಲ. ನಾನು ಆ ಡಿಪ್ಲೊಮಾ ಮಾಡಿ, ನೋಂದಣಿ ಪಡೆದು ಕೆಲಸ ಮಾಡ್ತಿರೋಳು. ಊರಿಗೆ ಹೋದಾಗ ಈಗಲೂ ಕೇಳ್ತಾರೆ, "ಹಲ್ಲು ಡಾಕ್ಟ್ರ ಹತ್ರ ನರ್ಸಾ ನೀನು?" ಅಂತ.

ಅಲ್ಲ. ಇದು ಕಾನೂನು ಗುರುತಿಸಿರುವ ಬೇರೆಯದೇ ವೃತ್ತಿ. ಈ ವೃತ್ತಿಗೆ ಸೇರೋದು ಹೇಗೆ, ಸೇರಿದ ಮೇಲೆ ಕೆಲಸ ಯಾಕೆ ಕಷ್ಟ, ಅದು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಯಾಕೆ ರಾಜಕೀಯ ಪ್ರಶ್ನೆ ಅನ್ನೋದನ್ನು ಇಲ್ಲಿ ವಿವರಿಸ್ತೀನಿ.

ಕಾನೂನು ಏನು ಹೇಳುತ್ತೆ?

1948ರ ದಂತವೈದ್ಯರ ಕಾಯ್ದೆ ದಂತವೈದ್ಯರ ಜೊತೆಗೆ ಇನ್ನಿಬ್ಬರನ್ನು ಹೆಸರಿಸಿತು: ಕಟ್ಟುಹಲ್ಲು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಮತ್ತು ಡೆಂಟಲ್ ಹೈಜೀನಿಸ್ಟ್. ಹಲ್ಲಿನ ಮೇಲೆ ಗಟ್ಟಿಯಾದ ಪಾಚಿ ತೆಗೆಯುವುದು, ಹಲ್ಲು ಸ್ವಚ್ಛ ಮಾಡಿ ಪಾಲಿಶ್ ಮಾಡುವುದು, ಬಾಯಿಯ ಆರೈಕೆ ಹೇಗೆ ಅಂತ ಜನರಿಗೆ ಕಲಿಸುವುದು ಹೈಜೀನಿಸ್ಟ್ ಕೆಲಸ. ರೋಗ ಇದೇ ಅಂತ ತೀರ್ಮಾನಿಸುವುದು, ಹಲ್ಲು ಕೀಳುವುದು, ರೂಟ್ ಕೆನಾಲ್ ಮಾಡುವುದು ನಮ್ಮ ಕೆಲಸವಲ್ಲ. ಸ್ವಂತ ಬೋರ್ಡ್ ಹಾಕಿ ಕ್ಲಿನಿಕ್ ತೆರೆಯುವಂತಿಲ್ಲ. ದಂತವೈದ್ಯರ ಮೇಲ್ವಿಚಾರಣೆಯಲ್ಲೇ ಕೆಲಸ.

ಈ ವೃತ್ತಿಯ ಮೂಲ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿದೆ. ಅಲ್ಲಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಸ್ವಚ್ಛ ಮಾಡುವ ತರಬೇತಿ ಕೊಟ್ಟ. 1913ರಲ್ಲಿ ಇದಕ್ಕೇ ಒಂದು ಶಾಲೆ ಶುರು ಮಾಡಿದ. 1917ರಲ್ಲಿ ನ್ಯೂಮನ್ ಲೈಸೆನ್ಸ್ ಪಡೆದ ಮೊದಲ ಹೈಜೀನಿಸ್ಟ್ ಆದಳು. ಫೋನ್ಸ್ ತರಬೇತಿ ಕೊಟ್ಟ ಮಹಿಳೆಯರು ಮೊದಲು ಹೋಗಿದ್ದು ಬ್ರಿಡ್ಜ್‌ಪೋರ್ಟ್‌ನ ಸಾರ್ವಜನಿಕ ಶಾಲೆಗಳಿಗೆ, ಬಡ ಮಕ್ಕಳ ಹತ್ತಿರಕ್ಕೆ. ಅಂದ್ರೆ ಇದು ಹುಟ್ಟಿದ್ದೇ ಸಾರ್ವಜನಿಕ ಆರೋಗ್ಯದ ಕೆಲಸವಾಗಿ. ಇವತ್ತು ಆ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಹೈಜೀನಿಸ್ಟ್‌ಗಳಿದ್ದಾರೆ.

ಆಗೋದು ಹೇಗೆ?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, 17 ವರ್ಷ ತುಂಬಿರಬೇಕು. ಕೋರ್ಸ್ ಎರಡು ವರ್ಷ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಈ ಡಿಪ್ಲೊಮಾ ಇದೆ. ನಮ್ಮ ಕಡೆಯವರಿಗೆ ಹತ್ತಿರದ ದಂತ ಕಾಲೇಜುಗಳು ಮೈಸೂರಿನ ಜೆಎಸ್‌ಎಸ್ ಮತ್ತು ಫಾರೂಕಿಯಾ, ಕೊಡಗಿನ ವಿರಾಜಪೇಟೆಯ ಕಾಲೇಜು. ಆದರೆ ದಂತ ಕಾಲೇಜು ಇದೆ ಅಂದಮಾತ್ರಕ್ಕೆ ಅಲ್ಲಿ ಈ ಕೋರ್ಸೂ ಇದೆ ಅಂತ ಅಂದುಕೊಳ್ಳಬೇಡಿ. ಆ ವರ್ಷದ ಪ್ರವೇಶಕ್ಕೆ ಅನುಮತಿ ಇದೆಯಾ ಅಂತ ಕೇಳಿಯೇ ಅರ್ಜಿ ಹಾಕಿ.

ಬಾಯಿಯ ರಚನೆ, ಸೂಕ್ಷ್ಮಜೀವಿಗಳು, ಪೌಷ್ಟಿಕಾಂಶ, ಉಪಕರಣಗಳ ಸ್ಟೆರಿಲೈಸೇಷನ್, ಸಮುದಾಯ ಆರೋಗ್ಯ, ಇವು ಪಾಠದಲ್ಲಿ ಬರುತ್ತವೆ. ಕೈಗೆ ಕೆಲಸ ಬರೋದು ಮಾತ್ರ ಅಭ್ಯಾಸದಿಂದ. ಮೊದಲು ಗೊಂಬೆತಲೆಯ ಹಲ್ಲುಗಳ ಮೇಲೆ, ಆಮೇಲೆ ರೋಗಿಗಳ ಮೇಲೆ. ವಸಡಿಗೆ ಗಾಯ ಆಗದಂತೆ ಅದರ ಅಂಚಿನಲ್ಲಿ ಪಾಚಿ ಕೆರೆಯೋದು ಹೇಳಿದಷ್ಟು ಸುಲಭ ಅಲ್ಲ.

ಇನ್ನು ಬಹಳ ಜನ ಎಡವೋ ಜಾಗ: ಸರ್ಟಿಫಿಕೇಟ್ ಸಿಕ್ಕಿದ ತಕ್ಷಣ ನೀವು ಹೈಜೀನಿಸ್ಟ್ ಆಗೋದಿಲ್ಲ. ಕರ್ನಾಟಕ ರಾಜ್ಯ ದಂತ ಪರಿಷತ್ತಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಬರಬೇಕು. ನಾವು ಲೈಸೆನ್ಸ್ ಅನ್ನೋದು ಇದನ್ನೇ. ನೋಂದಣಿ ಇಲ್ಲದವರು ಹಲ್ಲು ಸ್ವಚ್ಛ ಮಾಡುವುದನ್ನು ವೃತ್ತಿಯಾಗಿ ನಡೆಸುವಂತಿಲ್ಲ ಅನ್ನುತ್ತೆ 1948ರ ಕಾಯ್ದೆ. ಅದರ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಮಂಡಳಿಗಳ ಹೆಸರು ಏನೇ ಆಗಲಿ, ಫೀಸು ಕಟ್ಟೋ ಮೊದಲು ಕಾಲೇಜನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಈ ಕೋರ್ಸ್ ಮುಗಿಸಿದರೆ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಆಗುತ್ತಾ?" ಉತ್ತರವನ್ನು ಬರಹದಲ್ಲಿ ಕೇಳಿ. "ಆಗುತ್ತೆ ಬಿಡಮ್ಮ" ಅನ್ನೋ ಮಾತು ಸಾಲದು. ಆರು ತಿಂಗಳ "ಡೆಂಟಲ್ ಅಸಿಸ್ಟೆಂಟ್" ಕೋರ್ಸ್ ಮಾಡಿದವರು ಹೈಜೀನಿಸ್ಟ್ ಆಗಲ್ಲ.

ಈ ತಾಲ್ಲೂಕುಗಳಿಗೆ ಯಾಕೆ ಬೇಕು?

ಹುಣಸೂರು, ಪಿರಿಯಾಪಟ್ಟಣ, ಕೋಟೆ ಕರ್ನಾಟಕದ ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ. ಬ್ಯಾರನ್‌ನಲ್ಲಿ ಬೇಯಿಸಿದ ಈ ಸೊಪ್ಪು ಮುಖ್ಯವಾಗಿ ಸಿಗರೇಟಿಗೆ ಹೋಗುತ್ತೆ. ಊರಿನವರ ಬಾಯಿಗೆ ಬೀಳೋದು ಬೇರೆ: ಎಲೆ ಅಡಿಕೆ ಜೊತೆ ಕಡ್ಡಿಪುಡಿ, ಪಾನ್ ಮಸಾಲ, ತಂಬಾಕಿನ ಪೊಟ್ಟಣ. ಭತ್ತದ ಕೆ.ಆರ್. ನಗರದಲ್ಲೂ ಕಥೆ ಇದೇ, ಕೋಟೆಯ ಹಾಡಿಗಳಲ್ಲೂ ಇದೇ.

2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ರಾಜ್ಯ ಸರ್ಕಾರ 2013ರಲ್ಲೇ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಈಗ ಪಾನ್ ಮಸಾಲ ಮತ್ತು ತಂಬಾಕನ್ನು ಎರಡು ಬೇರೆ ಪೊಟ್ಟಣಗಳಲ್ಲಿ ಕೊಡ್ತಾರೆ, ಗಿರಾಕಿ ತಾನೇ ಬೆರೆಸಿಕೊಳ್ತಾನೆ.

ಸ್ಕೇಲಿಂಗ್ ಮಾಡುವಾಗ ಒಬ್ಬ ಮನುಷ್ಯನ ಬಾಯೊಳಗೆ ಅರ್ಧ ಗಂಟೆ ನೋಡ್ತೀವಿ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಖಾರ ತಿಂದರೆ ಉರಿ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಲಾಗದ ಸ್ಥಿತಿ: ಇವು ಕ್ಯಾನ್ಸರ್‌ಗೆ ಮುಂಚಿನ ಸೂಚನೆಗಳಾಗಿರಬಹುದು. ಅದನ್ನು ಗಮನಿಸಿ, ಬರೆದಿಟ್ಟು, ದಂತವೈದ್ಯರಿಗೆ ತೋರಿಸುವುದು ನಮ್ಮ ಹೊಣೆ. ನೋವಿಲ್ಲದ ಮಚ್ಚೆಗೆ ಯಾರೂ ತಾವಾಗಿ ಆಸ್ಪತ್ರೆಗೆ ಬರಲ್ಲ.

ಜೊತೆಗೆ, "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತವೆ" ಅನ್ನೋ ನಂಬಿಕೆಯನ್ನೂ ಬಿಡಿಸಬೇಕು. ಪಾಚಿ ಕಟ್ಟಿದ ಕಡೆ ವಸಡು ಆಗಲೇ ಕೆಳಗಿಳಿದಿರುತ್ತೆ. ಪಾಚಿ ತೆಗೆದಾಗ ಆ ಸಂದು ಕಾಣುತ್ತೆ, ಅಷ್ಟೇ. ಇದನ್ನು ಒಬ್ಬ ಅಜ್ಜಿಗೆ ಅರ್ಥ ಮಾಡಿಸೋಕೆ ಹತ್ತು ನಿಮಿಷ ಬೇಕು. ಹೊರಗೆ ಸಾಲು ನಿಂತಿರುವಾಗ ಡಾಕ್ಟರಿಗೆ ಆ ಹತ್ತು ನಿಮಿಷ ಎಲ್ಲಿ ಸಿಗುತ್ತೆ?

ಹಾಗಾದ್ರೆ ಕೆಲಸ ಯಾಕಿಲ್ಲ?

ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಪ್ರತಿವರ್ಷ ಹೊರಬರುವ ಬಿಡಿಎಸ್ ಪದವೀಧರರಲ್ಲಿ ಅನೇಕರು ಪಟ್ಟಣಗಳ ಕ್ಲಿನಿಕ್‌ಗಳಲ್ಲಿ ಕಡಿಮೆ ಸಂಬಳಕ್ಕೆ ಸೇರಿ ಸ್ಕೇಲಿಂಗ್ ತಾವೇ ಮಾಡ್ತಾರೆ. ಅದೇ ಸಂಬಳಕ್ಕೆ ಡಾಕ್ಟರೇ ಸಿಗುವಾಗ ಹೈಜೀನಿಸ್ಟ್ ಯಾಕೆ ಅನ್ನೋದು ಮಾಲೀಕರ ಲೆಕ್ಕ. ನಾನು ಮೊದಲು ಸೇರಿದ ಖಾಸಗಿ ಕ್ಲಿನಿಕ್‌ನಲ್ಲಿ ನನ್ನ ದಿನದ ಹೆಚ್ಚು ಹೊತ್ತು ಹೋಗಿದ್ದು ಅಪಾಯಿಂಟ್‌ಮೆಂಟ್ ಬರೆಯೋದರಲ್ಲಿ, ಟ್ರೇ ತೊಳೆಯೋದರಲ್ಲಿ. ಹೊರದೇಶದ ಆಸೆ ತೋರಿಸೋ ಏಜೆಂಟರನ್ನೂ ನಂಬಬೇಡಿ: ಇಲ್ಲಿನ ಎರಡು ವರ್ಷದ ಡಿಪ್ಲೊಮಾ ಇಟ್ಟುಕೊಂಡು ನೇರವಾಗಿ ಅಮೆರಿಕದಲ್ಲಿ ಲೈಸೆನ್ಸ್ ಸಿಗೋದಿಲ್ಲ. ಅಲ್ಲಿ ಮಾನ್ಯತೆ ಪಡೆದ ಕೋರ್ಸ್, ರಾಷ್ಟ್ರೀಯ ಬೋರ್ಡ್ ಪರೀಕ್ಷೆ, ರಾಜ್ಯದ ನಿಯಮ ಎಲ್ಲವೂ ಬೇಕು.

ಹಾಗಾಗಿ ಮಾರುಕಟ್ಟೆ ಈ ಕೆಲಸವನ್ನು ಹಳ್ಳಿಗೆ ತರೋದಿಲ್ಲ. ತರಬೇಕಾದ್ದು ಸರ್ಕಾರ. ಅದಕ್ಕೆ ದಾರಿಯೂ ಕಾಗದದ ಮೇಲಿದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳ ದಂತ ಘಟಕಕ್ಕೆ ದಂತವೈದ್ಯರು, ಹೈಜೀನಿಸ್ಟ್, ಸಹಾಯಕರು, ಮೂರೂ ಬಗೆಯ ಸಿಬ್ಬಂದಿಗೆ ನೆರವು ಕೇಳಲು ರಾಜ್ಯಗಳಿಗೆ ಅವಕಾಶವಿದೆ. ರಾಜ್ಯ ಸರ್ಕಾರ 'ದಂತ ಭಾಗ್ಯ'ದಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುತ್ತೆ. ಒಳ್ಳೇದೇ. ಆದರೆ ಹಲ್ಲು ಬಿದ್ದ ಮೇಲೆ ಸೆಟ್ ಕೊಡೋ ಸರ್ಕಾರ, ಬೀಳದಂತೆ ನೋಡಿಕೊಳ್ಳೋ ಹುದ್ದೆಗೆ ಯಾಕೆ ಮನಸ್ಸು ಮಾಡಲ್ಲ?

ಇದನ್ನು ಓದ್ತಿರೋ ನೀವು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮೂರು ಪ್ರಶ್ನೆ ಹಾಕಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಡೆಂಟಲ್ ಹೈಜೀನಿಸ್ಟ್ ಹುದ್ದೆ ಎಷ್ಟು ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ, ಕಳೆದ ವರ್ಷ ಎಷ್ಟು ಜನರಿಗೆ ಸ್ಕೇಲಿಂಗ್ ಆಗಿದೆ? ನಾಲ್ಕು ತಾಲ್ಲೂಕುಗಳಿಂದ ನಾಲ್ಕು ಅರ್ಜಿ ಹೋದರೆ ನಲವತ್ತೇ ರೂಪಾಯಿ. ಬಂದ ಉತ್ತರ ಹಿಡಿದುಕೊಂಡು ಶಾಸಕರ ಹತ್ತಿರ ಹೋಗಿ. ಆಮೇಲೆ ಪಿಯುಸಿ ಮುಗಿಸಿದ ಹುಡುಗಿಗೆ "ಈ ಕೋರ್ಸ್ ಮಾಡು" ಅಂತ ಧೈರ್ಯವಾಗಿ ಹೇಳಬಹುದು.